ಕೊಟ್ಟಿಗೆಯ ಘಾಟು, ಜಠರದ ಹುಣ್ಣು

ರಾತ್ರಿಯಿಡೀ ಮುಚ್ಚಿದ್ದ ದನದ ಕೊಟ್ಟಿಗೆಯ ಬಾಗಿಲನ್ನು ಬೆಳಗ್ಗೆ ತೆಗೆದವರಿಗೆ ಮೊದಲು ಎದುರಾಗುವುದು ಘಾಟು. ಮೂಗು ಉರಿಯುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಗಂಜಲದ ವಾಸನೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಹಸು ಆಗಷ್ಟೇ ಹುಯ್ದ ಗಂಜಲಕ್ಕೆ ಈ ಘಾಟಿಲ್ಲ, ಅದರ ವಾಸನೆಯೇ ಬೇರೆ. ಅಂದರೆ ನಡುವಿನ ಕೆಲವು ಗಂಟೆಗಳಲ್ಲಿ ನೆಲದ ಮೇಲೆ ಏನೋ ನಡೆದಿದೆ. ಗಂಜಲದಲ್ಲಿ ಇದ್ದದ್ದು ಯೂರಿಯಾ, ಗೊಬ್ಬರದಂಗಡಿಯ ಚೀಲದಲ್ಲಿ ಬಿಳಿ ಕಾಳಾಗಿ ಬರುವ ಅದೇ ಯೂರಿಯಾ. ಮೂಗಿಗೆ ಹತ್ತುವುದು ಅಮೋನಿಯಾ. ಮೊದಲನೆಯದು ಒಡೆದು ಎರಡನೆಯದಾಗಿದೆ. ಯೂರಿಯಾ ತಾನಾಗಿ ಒಡೆಯುವ ಪೈಕಿಯಲ್ಲ. ಶುದ್ಧ ನೀರಿನಲ್ಲಿ ಕರಗಿಸಿ ಕೋಣೆಯಲ್ಲಿಟ್ಟರೆ ಅದರ ಅರ್ಧದಷ್ಟು ಒಡೆಯಲು ಸುಮಾರು 40 ವರ್ಷ ಹಿಡಿಯುತ್ತದೆ ಎಂಬುದು ರಸಾಯನ ವಿಜ್ಞಾನಿಗಳ ಲೆಕ್ಕ. ಕೊಟ್ಟಿಗೆಯಲ್ಲಿ ಅದೇ ಕೆಲಸ ಒಂದು ರಾತ್ರಿಯೊಳಗೆ ಮುಗಿದಿರುತ್ತದೆ. ಮಾಡಿದವರು ಸಗಣಿಯಲ್ಲಿರುವ ಬ್ಯಾಕ್ಟೀರಿಯಾಗಳು. ನೆಲವನ್ನು ಇಳಿಜಾರಾಗಿ ಮಾಡಿ, ಗಂಜಲ ಸಗಣಿಯಲ್ಲಿ ನಿಲ್ಲದೆ ಹರಿದುಹೋಗುವಂತೆ ಕಾಲುವೆ ತೆಗೆದ ಕೊಟ್ಟಿಗೆಯಲ್ಲಿ ಘಾಟು ಕಡಿಮೆಯಾಗುವುದು ಇದೇ ಕಾರಣಕ್ಕೆ. ಒದ್ದೆ ನೆಲದ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಡಬೇಡಿ, ಮಣ್ಣಿನಲ್ಲಿ ಬೆರೆಸಿ ಎಂದು ಕೃಷಿ ಇಲಾಖೆಯವರು ರೈತರಿಗೆ ಹೇಳುವುದರ ಹಿಂದೆಯೂ ಇದೇ ಇದೆ. ಮೇಲೆಯೇ ಬಿದ್ದಿದ್ದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾವಾಗಿ ಒಡೆದು ಗಾಳಿಗೆ ಹಾರಿಸಿಬಿಡುತ್ತವೆ.

ಇನ್ನೊಂದು ಒಗಟು ನಮ್ಮ ಹೊಟ್ಟೆಯೊಳಗಿನದು. ಬರಿಹೊಟ್ಟೆಯಲ್ಲಿರುವ ಜಠರದ ರಸ ನಿಂಬೆರಸಕ್ಕಿಂತಲೂ ಹುಳಿ. ಅನ್ನ, ನೀರಿನ ಜೊತೆ ನಾವು ನುಂಗುವ ಬಹುಪಾಲು ಸೂಕ್ಷ್ಮಜೀವಿಗಳು ಅಲ್ಲೇ ಸಾಯುತ್ತವೆ. ಅಂಥ ಆಮ್ಲದಲ್ಲಿ ಯಾವ ಜೀವಿಯೂ ಸಂಸಾರ ಹೂಡಲಾರದೆಂದು ವೈದ್ಯಲೋಕ ಬಹುಕಾಲ ನಂಬಿತ್ತು. ಜಠರದ ಹುಣ್ಣಿಗೆ ಖಾರ, ಹೊತ್ತು ಮೀರಿದ ಊಟ, ತಲೆಬಿಸಿ ಇವೇ ಕಾರಣ ಎನ್ನುವುದು ಇಂದಿಗೂ ನಮ್ಮ ಮನೆಗಳ ಮಾತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಜಠರದಿಂದ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬುದು ಅದರ ಈಗಿನ ಹೆಸರು. ಬಹುಪಾಲು ಹುಣ್ಣುಗಳ ಹಿಂದೆ ಇದ್ದದ್ದು ಅದೇ. ಮಾರ್ಷಲ್ ಅದನ್ನು ತಾವೇ ಕುಡಿದು ಕಾಯಿಲೆ ಬಿದ್ದದ್ದು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದದ್ದು ಹೇಳಿ ಹೇಳಿ ಸವೆದ ಕತೆ, ಇಲ್ಲಿ ಬೇಡ. ಆ ಕತೆ ಹೇಳುವವರು ಸಾಮಾನ್ಯವಾಗಿ ಮುಟ್ಟದೆ ಬಿಡುವ ಪ್ರಶ್ನೆ ನನಗೆ ಮುಖ್ಯ. ಆ ಹುಳಿಯಲ್ಲಿ ಅದು ಬದುಕುವುದಾದರೂ ಹೇಗೆ? ಕೊಟ್ಟಿಗೆಯ ಒಗಟಿಗೂ ಇದಕ್ಕೂ ಉತ್ತರ ಒಂದೇ ಎಂಬುದು ಈ ಅಧ್ಯಾಯದ ವಾದ. ಆ ಉತ್ತರ ಕೊನೆಗೆ ಹೋಗಿ ನಿಲ್ಲುವುದು ಒಂದು ಲೋಹದ ಬಳಿ.

ಮಣೆ ಮತ್ತು ಅಲಗು

ಯೂರಿಯಾವನ್ನು ಒಡೆಯುವ ಕಿಣ್ವದ ಹೆಸರು ಯೂರಿಯೇಸ್. ಕಿಣ್ವಗಳ ಚರಿತ್ರೆಯಲ್ಲಿ ಇದು ಹಿರಿಯಣ್ಣ. 1926ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ, ನಮ್ಮ ಅವರೆಯ ದೂರದ ನೆಂಟನಾದ ಕಾಳಿನ ಹಿಟ್ಟಿನಿಂದ ಇದನ್ನು ಹರಳಾಗಿ ಹೊರತೆಗೆದರು. ಯಾವುದೇ ಕಿಣ್ವ ಹರಳು ಕಟ್ಟಿದ್ದು ಅದೇ ಮೊದಲು. ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಮನುಷ್ಯ ಒಂದೇ ಕೈಯಲ್ಲಿ ಮಾಡಿದ ಕೆಲಸವಿದು. ಕಿಣ್ವವೆಂದರೆ ಪ್ರೊಟೀನು ಎಂದು ಅವರು ಸಾರಿದಾಗ ಯುರೋಪಿನ ಘಟಾನುಘಟಿಗಳು ಒಪ್ಪಲಿಲ್ಲ. ಕೊನೆಗೆ ಸಮ್ನರ್ ಗೆದ್ದರು, 1946ರಲ್ಲಿ ನೊಬೆಲ್ ಪಡೆದರು. ತಮಾಷೆಯೆಂದರೆ ಆ ಹರಳಿನಲ್ಲಿ ಪ್ರೊಟೀನಿನ ಜೊತೆ ಇನ್ನೊಂದು ವಸ್ತು ಇತ್ತು. ಅದು ಕಣ್ಣಿಗೆ ಬಿದ್ದದ್ದು ಸುಮಾರು ಅರ್ಧ ಶತಮಾನದ ನಂತರ. 1975ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಯೂರಿಯೇಸಿನೊಳಗೆ ನಿಕಲ್ ಇದೆಯೆಂದು ತೋರಿಸಿದರು. ಸ್ಟೀಲ್ ಪಾತ್ರೆಗೆ ಹೊಳಪು ಕೊಡುವ, ನಾಣ್ಯಗಳಲ್ಲಿ ಬೆರೆಯುವ ಅದೇ ನಿಕಲ್. ಜೀವಿಗಳಿಗೆ ಇದರಿಂದ ಏನಾದರೂ ಉಪಯೋಗವಿದೆಯೆಂದು ಅಲ್ಲಿಯವರೆಗೆ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.

ಪ್ರೊಟೀನಿನೊಳಗೆ ಲೋಹಕ್ಕೇನು ಕೆಲಸ? ಅಡುಗೆಮನೆಯ ಈಳಿಗೆಮಣೆಯನ್ನು ನೆನೆಯಿರಿ, ಕರಾವಳಿಯವರು ಮೆಟ್ಟುಕತ್ತಿ ಎನ್ನುವರಲ್ಲ, ಅದು. ಅದರ ತೂಕವೆಲ್ಲ ಮರದ ಮಣೆಯದು. ಕೂರುವ ಜಾಗ, ಅಲಗು ಅಲ್ಲಾಡದಂತೆ ಹಿಡಿಯುವ ಬಿಗಿ, ಎಲ್ಲವೂ ಮರದ್ದು. ಆದರೆ ಕುಂಬಳಕಾಯಿ ಹೋಳಾಗುವುದು ಆ ಬೆರಳಗಲದ ಕಬ್ಬಿಣದಿಂದ. ಅಲಗು ಕಿತ್ತರೆ ಉಳಿಯುವುದು ಬರೀ ಕೂರುಮಣೆ. ಹೀಗೆ ಪ್ರೊಟೀನಿನ ಮಣೆಗೆ ಲೋಹದ ಅಲಗು ಹೂಡಿದ ಕಿಣ್ವಗಳನ್ನು ಲೋಹಕಿಣ್ವ ಎನ್ನೋಣ. ಇವು ಎಲ್ಲೋ ಅಪರೂಪಕ್ಕೆ ಸಿಗುವಂಥವಲ್ಲ. ಜೀವಿಗಳ ಕಿಣ್ವಗಳಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಒಂದಲ್ಲ ಒಂದು ಲೋಹವನ್ನು ಬೇಡುತ್ತವೆ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ನಿಜ. ನಿಕಲ್ ಏನನ್ನೂ ಹರಿತದಿಂದ ಕತ್ತರಿಸುವುದಿಲ್ಲ. ಯೂರಿಯೇಸಿನ ಗುಳಿಯಲ್ಲಿ ಎರಡು ನಿಕಲ್ ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಕೂತಿರುತ್ತವೆ. ಯೂರಿಯಾದ ಅಣು ಬಂದಾಗ ಅವು ಅದರ ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದು ನಡುವಿನ ಇಂಗಾಲವನ್ನು ಬಡವಾಗಿಸುತ್ತವೆ. ಪಕ್ಕದಲ್ಲೇ ಒಂದು ನೀರಿನ ಅಣುವನ್ನು ಹಿಡಿದು ಕೆರಳಿಸಿ ನಿಲ್ಲಿಸಿರುತ್ತವೆ. ಬಡವಾದ ಇಂಗಾಲದ ಮೇಲೆ ಕೆರಳಿದ ನೀರು ಎರಗುತ್ತದೆ, ಯೂರಿಯಾ ಮುರಿಯುತ್ತದೆ. ಕೊನೆಗೆ ಒಂದು ಯೂರಿಯಾದಿಂದ ಎರಡು ಅಮೋನಿಯಾ, ಒಂದು ಇಂಗಾಲದ ಡೈಆಕ್ಸೈಡ್. ಪ್ರೊಟೀನಿನ ಕಟ್ಟುಸಾಮಗ್ರಿಯಾದ ಅಮೈನೊ ಆಮ್ಲಗಳಲ್ಲಿ ಎಲೆಕ್ಟ್ರಾನನ್ನು ಇಷ್ಟು ಬಲವಾಗಿ ಸೆಳೆಯುವ ಗುಂಪುಗಳು ಸಿಗುವುದು ಕಷ್ಟ. ಅದಕ್ಕೇ ಈ ಎರವಲು.

ಹುಳಿಯಲ್ಲಿ ಸಂಸಾರ

ಪೈಲೊರಿಗೆ ಹಿಂದಿರುಗೋಣ. ಆಮ್ಲದಲ್ಲಿ ಬದುಕುವುದೆಂದರೆ ಆಮ್ಲ ಇಳಿಯದಂಥ ದಪ್ಪ ಚರ್ಮ ಇರಬೇಕು ಎಂದು ಯಾರಿಗಾದರೂ ಅನ್ನಿಸೀತು. ಪೈಲೊರಿಗೆ ಅಂಥ ಚರ್ಮವಿಲ್ಲ. ಪ್ರಯೋಗಶಾಲೆಯಲ್ಲಿ ಜಠರರಸದಷ್ಟೇ ಹುಳಿಯಾದ ದ್ರವಕ್ಕೆ ಹಾಕಿದರೆ ಅದು ಬೇಗನೆ ಸಾಯುತ್ತದೆ. ಅದೇ ದ್ರವಕ್ಕೆ ಸ್ವಲ್ಪ ಯೂರಿಯಾ ಬೆರೆಸಿದರೆ ಬದುಕಿಕೊಳ್ಳುತ್ತದೆ. ಆಮ್ಲದ ಹುಳಿಗೆ ಕಾರಣವಾದ ಪ್ರೋಟಾನನ್ನು ಹುಳಿಕಣ ಎನ್ನೋಣ. ಅಮೋನಿಯಾ ಎದುರು ಬಂದ ಹುಳಿಕಣವನ್ನು ಹಿಡಿದು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಯೂರಿಯಾವೋ ರಕ್ತದಿಂದ ಜಠರದೊಳಕ್ಕೆ ಸದಾ ಜಿನುಗುತ್ತಿರುತ್ತದೆ, ನಮ್ಮ ದೇಹದ ಕಸ ಅದು. ಆ ಕಸವನ್ನು ಒಳಗೆ ಎಳೆದುಕೊಂಡು ಒಡೆದು, ಬಂದ ಅಮೋನಿಯಾದಿಂದ ಪೈಲೊರಿ ತನ್ನ ಸುತ್ತ ಒಂದು ತೆಳುವಾದ ಸೌಮ್ಯ ಪದರ ಕಟ್ಟಿಕೊಳ್ಳುತ್ತದೆ. ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡನ್ನೂ ವ್ಯರ್ಥ ಮಾಡುವುದಿಲ್ಲ. ಸತುವಿನ ಅಲಗುಳ್ಳ ಇನ್ನೊಂದು ಲೋಹಕಿಣ್ವ ಅದನ್ನು ಅಡುಗೆಸೋಡಾದ ರೂಪಕ್ಕೆ ತಿರುಗಿಸುತ್ತದೆ. ಎದೆ ಉರಿದಾಗ ನಾವು ನೀರಿಗೆ ಚಿಟಿಕೆ ಸೋಡಾ ಹಾಕಿ ಕುಡಿಯುವುದಿಲ್ಲವೇ, ಇದು ಅದೇ ಉಪಾಯ.

ಜಠರದ ಒಳಗೋಡೆಯ ಮೇಲೆ ದಪ್ಪ ಲೋಳೆಯ ಪದರವಿದೆಯಲ್ಲ, ಗೋಡೆಯ ಹತ್ತಿರ ಹುಳಿ ಬಹಳ ಕಡಿಮೆಯಲ್ಲ, ಪೈಲೊರಿ ಅಲ್ಲಿ ಅಡಗಿದರೆ ಸಾಲದೇ, ಇಷ್ಟೆಲ್ಲ ಸಾಹಸ ಏಕೆ ಎಂದು ಕೇಳಬಹುದು. ಆಕ್ಷೇಪಣೆ ಸರಿಯಾದದ್ದೇ. ಅದು ತಂಗುವುದು ಲೋಳೆಯಲ್ಲೇ. ಆದರೆ ಲೋಳೆಯೊಳಗೆ ಸೇರುವುದೇ ಸುಲಭವಿಲ್ಲ. ಹುಳಿಯಲ್ಲಿ ಲೋಳೆ ಹೆಪ್ಪುಗಟ್ಟಿ ಗಟ್ಟಿ ಗಂಜಿಯಂತಾಗುತ್ತದೆ, ಹುಳಿ ಇಳಿದಾಗ ತೆಳ್ಳಗಾಗುತ್ತದೆ. 2009ರಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ಇದನ್ನು ನೋಡಿದರು. ಹುಳಿ ಲೋಳೆಯಲ್ಲಿ ಯೂರಿಯಾ ಇಲ್ಲದೆ ಬಿಟ್ಟ ಪೈಲೊರಿಯ ಬಾಲದೆಳೆಗಳು ತಿರುಗುತ್ತಲೇ ಇರುತ್ತವೆ, ಆದರೆ ಕೆಸರಿನಲ್ಲಿ ಹೂತ ಲಾರಿಯ ಚಕ್ರದ ಹಾಗೆ, ದೇಹ ಇದ್ದಲ್ಲೇ ಇರುತ್ತದೆ. ಯೂರಿಯಾ ಸಿಕ್ಕಾಗ ಸುತ್ತಲಿನ ಹುಳಿ ಕರಗುತ್ತದೆ, ಲೋಳೆ ತೆಳ್ಳಗಾಗುತ್ತದೆ, ಬ್ಯಾಕ್ಟೀರಿಯಾ ಈಜತೊಡಗುತ್ತದೆ. ಸುರುಳಿಯಾಕಾರವೇ ತಿರುಪಿನಂತೆ ಕೊರೆದು ಒಳಗೆ ಹೋಗಲು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಂತಾಯಿತು. ದಾರಿ ಮಾಡುವುದು ತಿರುಪಿಗಿಂತ ಹೆಚ್ಚಾಗಿ ಕಿಣ್ವ. ಇನ್ನೊಂದು ಸಾಕ್ಷ್ಯ ಹಂದಿಮರಿಗಳದು. ಯೂರಿಯೇಸ್ ಕೆಡಿಸಿದ ಪೈಲೊರಿ ಅವುಗಳ ಜಠರದಲ್ಲಿ ನೆಲೆಯೂರಲಿಲ್ಲ, ಔಷಧದಿಂದ ಆಮ್ಲವನ್ನು ಅಡಗಿಸಿ ನೋಡಿದಾಗಲೂ ಸರಿಯಾಗಿ ಕುದುರಲಿಲ್ಲ. ಅಂದಮೇಲೆ ಈ ಕಿಣ್ವ ಆಮ್ಲಕ್ಕೆ ಹಿಡಿದ ಕೊಡೆ ಮಾತ್ರವಲ್ಲ. ಅದರ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಸಾರಜನಕದ ಆಹಾರ ಕೂಡ.

ಆದರೆ ಹದ ತಪ್ಪಿದರೆ ಇದೇ ಕಿಣ್ವ ಯಮ. ಊಟವಾದ ಮೇಲೆ ಜಠರದ ಹುಳಿ ಸ್ವಲ್ಪ ಹೊತ್ತು ತಗ್ಗುತ್ತದೆ. ಆಗಲೂ ಯೂರಿಯಾ ಒಡೆಯುತ್ತಲೇ ಹೋದರೆ ಹಿಡಿಯಲು ಹುಳಿಕಣಗಳಿಲ್ಲದ ಅಮೋನಿಯಾ ಬ್ಯಾಕ್ಟೀರಿಯಾವನ್ನೇ ಕ್ಷಾರದಲ್ಲಿ ಬೇಯಿಸುತ್ತದೆ. ಇದಕ್ಕೆ ಪೈಲೊರಿ ಕಂಡುಕೊಂಡ ದಾರಿ ಒಳಪೊರೆಯಲ್ಲಿರುವ ಒಂದು ಬಾಗಿಲು. ಹೊರಗೆ ಹುಳಿ ಹೆಚ್ಚಿದ್ದಾಗ ಮಾತ್ರ ಅದು ತೆರೆದು ಯೂರಿಯಾವನ್ನು ಒಳಬಿಡುತ್ತದೆ, ಹುಳಿ ಇಳಿದಾಗ ಮುಚ್ಚುತ್ತದೆ. ಬಾಗಿಲು ಕಾಯಲು ಬೇರೆ ಆಳಿಲ್ಲ, ಹುಳಿಕಣಗಳೇ ಬಂದು ತಟ್ಟಿ ತೆರೆಸುತ್ತವೆ.

ಇಲ್ಲಿ ಒಂದು ಹಳೆಯ ತಪ್ಪನ್ನು ಹೇಳದೆ ಮುಂದೆ ಹೋಗಲಾಗದು. ಜಠರದಲ್ಲಿ ಯೂರಿಯೇಸ್ ಇದೆಯೆಂಬುದು ಪರ್ತ್‌ನ ಕೆಲಸಕ್ಕಿಂತ ಎಷ್ಟೋ ಮೊದಲೇ, 1924ರಲ್ಲೇ ಗೊತ್ತಿತ್ತು. ಆ ವರ್ಷ ಲಕ್ ಮತ್ತು ಸೇಠ್ ಎಂಬ ಇಬ್ಬರು ಅದನ್ನು ವರದಿ ಮಾಡಿದ್ದರು. ಅದು ಜಠರದ ಸ್ವಂತ ಕಿಣ್ವ, ಆಮ್ಲದಿಂದ ಗೋಡೆಯನ್ನು ಕಾಪಾಡಲೆಂದೇ ದೇಹ ಮಾಡಿಕೊಂಡ ವ್ಯವಸ್ಥೆ ಎಂದು ಬಹುಮಂದಿ ಎಣಿಸಿದರು. ಹುಣ್ಣಿನ ರೋಗಿಗಳಿಗೆ ಯೂರಿಯಾ ಕುಡಿಸಿ ನೋಡಿದ ವೈದ್ಯರೂ ಇದ್ದರು, ಅಂದರೆ ಕಳ್ಳನಿಗೆ ಅನ್ನ ಹಾಕಿದಂತೆ. 1950ರ ದಶಕದಲ್ಲಿ ಆ್ಯಂಟಿಬಯಾಟಿಕ್ ಕೊಟ್ಟಾಗ ಈ ಕಿಣ್ವ ಮಾಯವಾಗುವುದು ಕಂಡುಬಂತು. ಅದು ಬ್ಯಾಕ್ಟೀರಿಯಾದ್ದು ಎನ್ನಲು ಅಷ್ಟು ಸಾಕಿತ್ತು. ಆದರೂ ಹುಣ್ಣಿಗೂ ಅದಕ್ಕೂ ಗಂಟು ಹಾಕಿ ನೋಡುವವರು ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ಕಡ ತಂದ ಲೋಹ

ಪೈಲೊರಿಯ ಒಟ್ಟು ಪ್ರೊಟೀನಿನಲ್ಲಿ ಹತ್ತರಲ್ಲಿ ಒಂದು ಪಾಲಿನವರೆಗೆ ಯೂರಿಯೇಸೇ ಇರುತ್ತದೆ. ಒಂದೊಂದು ಪೂರ್ಣ ಯೂರಿಯೇಸ್ ಗೋಳದೊಳಗೆ ಹನ್ನೆರಡು ಗುಳಿಗಳು, ಗುಳಿಗೆರಡರಂತೆ 24 ನಿಕಲ್ ಪರಮಾಣುಗಳು. ನಿಕಲ್ ಎಲ್ಲಿಂದ ಬರಬೇಕು? ಮನುಷ್ಯದೇಹದಲ್ಲಿ ನಿಕಲ್ ಬಳಸುವ ಕಿಣ್ವ ಒಂದೂ ಗೊತ್ತಿಲ್ಲ. ಹಾಗಾಗಿ ನಾವು ಅದನ್ನು ಕೂಡಿಡುವುದೂ ಇಲ್ಲ. ಒಂದು ಲೀಟರ್ ರಕ್ತದ್ರವದಲ್ಲಿ ಒಂದು ಮೈಕ್ರೋಗ್ರಾಮಿನಷ್ಟೂ ಸಿಗದು. ಹೊರಗಿಂದ ಬಂದರೆ ಊಟದ ಜೊತೆ ಬರಬೇಕು, ಅದೂ ಬಹುಪಾಲು ಬೇಳೆಕಾಳು, ಗೋಡಂಬಿ, ಕೋಕೊದಂಥ ಸಸ್ಯಾಹಾರದಿಂದ. ಬ್ಯಾಕ್ಟೀರಿಯಾ ಪ್ರತಿ ಪರಮಾಣುವನ್ನೂ ಹೊಂಚಿ ಹಿಡಿಯಬೇಕು. ಅದಕ್ಕಾಗಿ ಹೊರಪೊರೆಯಲ್ಲಿ, ಒಳಪೊರೆಯಲ್ಲಿ ನಿಕಲ್ಲನ್ನೇ ಹುಡುಕಿ ಒಳಗೆಳೆಯುವ ದ್ವಾರಗಳಿವೆ. ಒಳಗೆ ಬಂದದ್ದನ್ನು ಬಿಡಿಯಾಗಿ ಓಡಾಡಲು ಬಿಡುವುದಿಲ್ಲ. ಬಿಡಿ ನಿಕಲ್ ಬೇರೆ ಕಿಣ್ವಗಳ ಗುಳಿಗೆ ನುಗ್ಗಿ ಅಲ್ಲಿ ಇರಬೇಕಾದ ಲೋಹವನ್ನು ಒದ್ದೋಡಿಸುತ್ತದೆ, ಅದು ವಿಷ. ಹಾಗಾಗಿ ಅದಕ್ಕೊಂದು ತಿಜೋರಿ. ಅರವತ್ತೇ ಅಮೈನೊ ಆಮ್ಲಗಳ ಒಂದು ಪುಟ್ಟ ಪ್ರೊಟೀನು, ಅದರಲ್ಲಿ 28 ಹಿಸ್ಟಿಡೀನ್. ನಿಕಲ್ಲಿಗೆ ಅಂಟಿಕೊಳ್ಳುವುದರಲ್ಲಿ ಹಿಸ್ಟಿಡೀನ್ ಎತ್ತಿದ ಕೈ. ಸಾಮಾನ್ಯ ಪ್ರೊಟೀನಿನಲ್ಲಿ ಅದು ನೂರಕ್ಕೆ ಎರಡು ಮೂರು ಇದ್ದರೆ ಹೆಚ್ಚು. ಇಲ್ಲಿ ಹೆಚ್ಚುಕಡಿಮೆ ಅರ್ಧ. ಬರೀ ಕೊಂಡಿಗಳಿಂದಲೇ ಕಟ್ಟಿದ ಚೀಲ ಎನ್ನಬಹುದು. ಅಲ್ಲಿಂದ ಎತ್ತಿ ಯೂರಿಯೇಸಿನ ಗುಳಿಗೆ ಕೂರಿಸಲು ನಾಲ್ಕು ದಾದಿ ಪ್ರೊಟೀನುಗಳು ಕೈಯಿಂದ ಕೈಗೆ ದಾಟಿಸುತ್ತವೆ. ಈಳಿಗೆಯ ಅಲಗು ಕೂರಿಸುವ ಕಮ್ಮಾರನ ಕೆಲಸಕ್ಕೆ ಇಷ್ಟು ಜನ ಬೇಕು.

ಇಷ್ಟಾಗಿ ನಿಕಲ್ಲಿಗೆ ಇನ್ನೊಬ್ಬ ಹಕ್ಕುದಾರನಿದ್ದಾನೆ. ಪೈಲೊರಿಗೆ ಹೊಟ್ಟೆಪಾಡಿನ ಒಂದು ಮೂಲ ಹೈಡ್ರೋಜನ್ ಅನಿಲ. ಬೇಳೆಕಾಳು ತಿಂದಾಗ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಹುಟ್ಟಿಸುತ್ತವಲ್ಲ, ಅದರಲ್ಲಿ ಹೈಡ್ರೋಜನ್ ಇರುತ್ತದೆ. ಅದು ರಕ್ತಕ್ಕಿಳಿದು ಜಠರದ ಗೋಡೆಯವರೆಗೂ ತಲುಪುತ್ತದೆ. ಅದನ್ನು ಉರುವಲಾಗಿ ಸುಡುವ ಕಿಣ್ವ ಹೈಡ್ರೋಜಿನೇಸ್, ಅದರ ಅಲಗಿನಲ್ಲಿ ಒಂದು ನಿಕಲ್, ಒಂದು ಕಬ್ಬಿಣ. ಅಮೆರಿಕದ ಸಂಶೋಧಕರು 2002ರಲ್ಲಿ ಈ ಕಿಣ್ವ ಕೆಡಿಸಿದ ಪೈಲೊರಿಯನ್ನು ಇಲಿಗಳಿಗೆ ಕೊಟ್ಟಾಗ ಅದು ಬಹಳ ಕಡಿಮೆ ಇಲಿಗಳಲ್ಲಿ ಮಾತ್ರ ನೆಲೆ ನಿಂತಿತು. ಅಂದರೆ ಒಂದೇ ಲೋಹ ಒಂದು ಕಡೆ ಆಮ್ಲದಿಂದ ಕಾಪಾಡುತ್ತದೆ, ಇನ್ನೊಂದು ಕಡೆ ಅನ್ನ ಹಾಕುತ್ತದೆ. ಈ ಕಿಣ್ವಗಳಿಗೆ ನಿಕಲ್ ಹಂಚುವ ದಾದಿಗಳಲ್ಲಿ ಇಬ್ಬರು ಎರಡಕ್ಕೂ ಸಾಮಾನ್ಯ. ಹೊರಗೆ ಹುಳಿ ಏರಿದಾಗ ನಿಕಲ್ ಯೂರಿಯೇಸಿನತ್ತ ಹೆಚ್ಚು ಹರಿಯುತ್ತದೆ. ನಮ್ಮ ಬಿಳಿರಕ್ತಕಣಗಳು ಉಗುಳುವ ಕೆರಳಿದ ಆಕ್ಸಿಜನ್ನನ್ನು ತಣಿಸುವ ಕೆಲಸಕ್ಕೆ ಪೈಲೊರಿಯ ಬಳಿ ಬೇರೆ ಎರಡು ಲೋಹಕಿಣ್ವಗಳಿವೆ, ಎರಡೂ ಕಬ್ಬಿಣದವು. ಈ ಲೆಕ್ಕ ನೋಡಿದರೆ ಸೋಂಕು ಎಂಬುದು ಬಹುಮಟ್ಟಿಗೆ ಲೋಹಗಳ ಜಮಾಖರ್ಚು ಎನ್ನಿಸುತ್ತದೆ.

ಕಬ್ಬಿಣ ಆಗದೇ?

ಇಷ್ಟು ದುರ್ಲಭವಾದ ನಿಕಲ್ಲೇ ಏಕೆ ಬೇಕು, ರಕ್ತದಲ್ಲಿ, ಮಾಂಸದಲ್ಲಿ ಕಬ್ಬಿಣ ಬೇಕಾದಷ್ಟಿದೆಯಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಫೆರೆಟ್ ಎಂಬ ಪ್ರಾಣಿಯ ಹೊಟ್ಟೆಯಲ್ಲಿ. ನಮ್ಮ ನೀರುನಾಯಿಗಳ ಬಂಧುವಾದ ಇದು ಅಪ್ಪಟ ಮಾಂಸಾಹಾರಿ. ಮಾಂಸದಲ್ಲಿ ನಿಕಲ್ ತೀರ ಕಡಿಮೆ, ಕಬ್ಬಿಣ ಹೇರಳ. ಫೆರೆಟ್‌ನ ಜಠರದಲ್ಲಿ ಪೈಲೊರಿಯ ದಾಯಾದಿಯೊಂದು ವಾಸವಾಗಿದೆ. ಅದರ ಬಳಿ ಎರಡು ಯೂರಿಯೇಸ್‌ಗಳಿವೆ. ಒಂದು ಎಲ್ಲರಂತೆ ನಿಕಲ್ಲಿನದು. ಇನ್ನೊಂದರ ಗುಳಿಯಲ್ಲಿ ನಿಕಲ್ ಬದಲು ಕಬ್ಬಿಣ. ನಿಕಲ್ ಸಿಕ್ಕಾಗ ಈ ಎರಡನೆಯದರ ತಯಾರಿ ತಗ್ಗುತ್ತದೆ, ಕಬ್ಬಿಣ ಹೆಚ್ಚಿದಾಗ ಏರುತ್ತದೆ. ಹಾಗಿದ್ದರೆ ಕಬ್ಬಿಣವೂ ಆಗುತ್ತದೆ ಎಂದಾಯಿತು. ಆದರೆ ಈ ಕಬ್ಬಿಣದ ಯೂರಿಯೇಸನ್ನು ಗಾಳಿಗೆ ಒಡ್ಡಿದರೆ ಕೆಲಸ ನಿಲ್ಲಿಸುತ್ತದೆ. ಆಕ್ಸಿಜನ್ ತಗುಲಿ ಅದರ ಕಬ್ಬಿಣ ಕೆಡುತ್ತದೆ, ಒಂದು ಥರದ ತುಕ್ಕು. ನಿಕಲ್ ಆಕ್ಸಿಜನ್ನಿಗೆ ಜಗ್ಗುವುದಿಲ್ಲ. ಸ್ಟೀಲ್ ಪಾತ್ರೆ ತುಕ್ಕು ಹಿಡಿಯದಂತೆ ಮಾಡುವಲ್ಲೂ ಅದರ ಪಾಲಿದೆ, ಅಲ್ಲಿನ ರಸಾಯನ ಬೇರೆ ಎನ್ನುವುದು ನಿಜವಾದರೂ. ಬೇಳೆಕಾಳು ತಿನ್ನುವ ಮನುಷ್ಯನ ಹೊಟ್ಟೆ ಹಿಡಿದ ಪೈಲೊರಿ ನಿಕಲ್ಲಿಗೇ ಕಟ್ಟುಬಿತ್ತು. ಯಜಮಾನನ ಊಟದ ತಟ್ಟೆಗೂ ಬ್ಯಾಕ್ಟೀರಿಯಾದ ಕಿಣ್ವಕ್ಕೂ ಇಷ್ಟು ನೇರ ಸಂಬಂಧ ತೋರಿಸುವ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಅಲಗು ಕಿತ್ತರೆ

ಇದೇ ಕಿಣ್ವ ಮೂತ್ರನಾಳದಲ್ಲೂ ಕಾಟ ಕೊಡುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸೇರಿದರೆ ಮೂತ್ರದ ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರವಾಗಿಸುತ್ತದೆ. ಕ್ಷಾರದಲ್ಲಿ ಮೆಗ್ನೀಸಿಯಮ್ ಮತ್ತು ಫಾಸ್ಫೇಟು ಕರಗಿರಲಾರದೆ ಕಲ್ಲುಗಟ್ಟುತ್ತವೆ. ಬಹುಕಾಲ ಮೂತ್ರದ ಕೊಳವೆ ಹಾಕಿಸಿಕೊಂಡ ರೋಗಿಗಳಲ್ಲಿ ಕೊಳವೆಯೇ ಕಟ್ಟಿಕೊಳ್ಳುತ್ತದೆ. ಜಠರದಲ್ಲಿ ಬದುಕಿಸಿದ ಉಪಾಯ ಇಲ್ಲಿ ಕಲ್ಲು ಕೆತ್ತುತ್ತದೆ. ಈ ಕಲ್ಲುಗಳಿಗಾಗಿ ಯೂರಿಯೇಸಿನ ನಿಕಲ್ಲನ್ನೇ ಕಚ್ಚಿ ಹಿಡಿಯುವ ಒಂದು ಔಷಧ 1983ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಅಡ್ಡಪರಿಣಾಮ ಹೆಚ್ಚಾದ್ದರಿಂದ ಅದು ಸರ್ವೇಸಾಮಾನ್ಯ ಆಗಲಿಲ್ಲ.

ನಿಕಲ್ ನಮಗೆ ಬೇಡ, ಬ್ಯಾಕ್ಟೀರಿಯಾಕ್ಕೆ ಬೇಕು. ಹಾಗಾದರೆ ನಿಕಲ್ ಇಲ್ಲದ ಪಥ್ಯ ಮಾಡಿ ಅದನ್ನು ಉಪವಾಸ ಕೆಡವಬಹುದಲ್ಲ ಎಂಬ ಯೋಚನೆ ಸಹಜ. ಇಟಲಿಯಲ್ಲಿ ಸಣ್ಣ ಪ್ರಮಾಣದಲ್ಲಿ ಇದನ್ನು ಪರೀಕ್ಷಿಸಿ, ಮಾತ್ರೆಗಳ ಜೊತೆ ಪಥ್ಯವೂ ಇದ್ದಾಗ ಫಲ ಹೆಚ್ಚಿತು ಎಂದಿದ್ದಾರೆ. ಆದರೆ ಬೇಳೆ, ಕಾಳು, ಬೀಜಗಳನ್ನೆಲ್ಲ ಬಿಟ್ಟು ನಮ್ಮ ಕಡೆ ಊಟವೇನು ಉಳಿದೀತು? ಪಥ್ಯಕ್ಕಿಂತ ನನಗೆ ಹೆಚ್ಚು ನಂಬಿಕೆ ಬಿಸ್ಮತ್ ಎಂಬ ಇನ್ನೊಂದು ಲೋಹದ ಮೇಲೆ. ಹೊಟ್ಟೆನೋವಿಗೆ ಎರಡು ಶತಮಾನಗಳಿಂದ ಅದನ್ನು ಕೊಡುತ್ತಾ ಬಂದಿದ್ದಾರೆ, ಏಕೆ ಕೆಲಸ ಮಾಡುತ್ತದೆ ಎಂದು ತಿಳಿಯದೆಯೇ. ನಿಕಲ್ಲನ್ನು ದಾಟಿಸುವ ದಾದಿಗಳಿಗೆ ಬಿಸ್ಮತ್ ಅಂಟಿಕೊಂಡು ನಿಕಲ್ಲಿನ ಜಾಗ ಹಿಡಿಯುತ್ತದೆ ಎಂದು ಈಗ ಗೊತ್ತಾಗಿದೆ. ಅಲಗು ಕೂರಿಸುವವರ ಕೈಯೇ ಕಟ್ಟಿದಂತೆ. ಆ್ಯಂಟಿಬಯಾಟಿಕ್‌ಗಳಿಗೆ ಪೈಲೊರಿ ಪಳಗುತ್ತಿರುವ ಈ ದಿನಗಳಲ್ಲಿ ಅವುಗಳ ಜೊತೆಗೆ ಬಿಸ್ಮತ್ ಮತ್ತೆ ವೈದ್ಯರ ಚೀಟಿ ಸೇರಿದೆ.

ಒಂದು ಆಕ್ಷೇಪಣೆ ಉಳಿಯಿತು. ಲೋಕದ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಪೈಲೊರಿ ಇದೆ ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಜನಕ್ಕೆ ಹುಣ್ಣೇ ಆಗುವುದಿಲ್ಲ. ಅಂದಮೇಲೆ ಯೂರಿಯೇಸನ್ನು ಹುಣ್ಣಿನ ಅಪರಾಧಿ ಎನ್ನುವುದು ನ್ಯಾಯವೇ? ಪೂರ್ತಿ ಅಲ್ಲ. ಜಠರದ ಗೋಡೆಯನ್ನು ಕೆಡಿಸುವ ಬೇರೆ ಪ್ರೊಟೀನುಗಳು ಬ್ಯಾಕ್ಟೀರಿಯಾದ ಬಳಿ ಇವೆ, ಎಲ್ಲ ತಳಿಗಳಲ್ಲೂ ಇರುವುದಿಲ್ಲ. ನೋವಿನ ಮಾತ್ರೆಗಳ ಅತಿ ಬಳಕೆಯಂಥ ಕಾರಣಗಳೂ ಇವೆ. ಯೂರಿಯೇಸ್ ಮಾಡುವುದು ಮನೆ ಕಟ್ಟಿಕೊಡುವ ಕೆಲಸ. ಆ ಮನೆಯಲ್ಲಿ ಕೂತು ಯಾರು ಏನು ಮಾಡುತ್ತಾರೆ ಎಂಬುದು ಬೇರೆ ಲೆಕ್ಕ.

ಪೈಲೊರಿ ಇದೆಯೇ ಎಂದು ನೋಡಲು ಇಂದು ಬಳಸುವ ಪರೀಕ್ಷೆಗಳಲ್ಲೊಂದಕ್ಕೆ ಸೂಜಿಯೂ ಬೇಡ, ಹೊಟ್ಟೆಯೊಳಗೆ ನಳಿಕೆಯೂ ಬೇಡ. ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರವಾದ ಇಂಗಾಲದಿಂದ ಮಾಡಿದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಕುಡಿಯಲು ಕೊಡುತ್ತಾರೆ. ಅರ್ಧ ಗಂಟೆ ಕೂತು ಒಂದು ಚೀಲಕ್ಕೆ ಊದಬೇಕು. ಮನುಷ್ಯನ ಜೀವಕೋಶಗಳಿಗೆ ಯೂರಿಯಾವನ್ನು ಒಡೆಯಲು ಬರುವುದಿಲ್ಲ. ಕುಡಿದದ್ದು ಹಾಗೇ ಮೂತ್ರಕ್ಕೆ ಹೋಗಬೇಕು. ಊದಿದ ಉಸಿರಿನಲ್ಲಿ ಆ ಭಾರದ ಇಂಗಾಲ ಹೆಚ್ಚಾಗಿ ಕಂಡರೆ, ಜಠರದ ಲೋಳೆಯೊಳಗೆ ಎಲ್ಲೋ ಎರಡು ನಿಕಲ್ ಪರಮಾಣುಗಳ ನಡುವೆ ಆ ಯೂರಿಯಾ ಮುರಿದಿದೆ ಎಂದರ್ಥ.